ಹಸಿರು ದೀಪದ ಡಬ್ಬಿ

ಫೆಬ್ರವರಿ ೩, ಸೋಮವಾರ

ಹಿರಿಯಮ್ಮ ಹೇಳಿದ್ದಕ್ಕೆ ಈ ಪುಸ್ತಕ. ನಮ್ಮ ಪ್ರಾರ್ಥನಾ ಮಂದಿರದಲ್ಲಿ ಹೆಂಗಸರಿಗೆಲ್ಲ ದೊಡ್ಡವರು ಅವರೇ. ನಿನ್ನೆ ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಕಂಬದ ಹತ್ತಿರ ಕರೆದು, ನಿನ್ನ ನಾಲಿಗೆ ಚಾಕುವಾಗಿದೆ, ಬಾಯಿಗೆ ಬಂದ ಕಹಿಯನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡು, ವಾರಕ್ಕೊಮ್ಮೆ ದೇವರ ಮುಂದೆ ಓದಿ ಕ್ಷಮೆ ಕೇಳು ಎಂದರು. ಒಂದು ಪುಸ್ತಕ ಸಾಲುತ್ತದೆಯೇ ಎಂದು ಕೇಳಬೇಕೆಂದಿದ್ದೆ. ನಾಲಿಗೆ ಕಚ್ಚಿಕೊಂಡೆ.

ಮೊದಲ ಕಹಿ ಇವತ್ತೇ ಸಿಕ್ಕಿತು. ನಮ್ಮವರು ಒಂದು ಡಬ್ಬಿ ತಂದಿದ್ದಾರೆ. ಬೆಂಕಿಪೊಟ್ಟಣದಷ್ಟು ಗಾತ್ರ, ಹಿಂದೆ ಒಗೆದ ಬಟ್ಟೆಗೆ ಸಿಕ್ಕಿಸುವಂಥ ಕ್ಲಿಪ್ಪು, ಮುಂದೆ ಒಂದು ಗಾಜು. ತಂತಿ ಮೀಟಿದರೆ ಗಾಜಿನೊಳಗೆ ಮುಳ್ಳೊಂದು ಎದ್ದು ಕುಡಿದವನಂತೆ ತೂರಾಡುತ್ತದೆ. ತಂತಿ ಇಳಿದಿದ್ದರೆ ಎಡಕ್ಕೆ, ಏರಿದ್ದರೆ ಬಲಕ್ಕೆ. ನಡುಗೆರೆಗೆ ಬಂದು ನಿಂತರೆ ಹಸಿರು ದೀಪ. ಟ್ಯೂನರ್ ಅಂತೆ. ಇಪ್ಪತ್ತೆರಡು ವರ್ಷ ಕಿವಿಯಲ್ಲಿ ಶ್ರುತಿ ಮಾಡಿದ ಮನುಷ್ಯನಿಗೆ ಈಗ ದೀಪ ನೋಡಿಕೊಂಡು ಶ್ರುತಿ ಮಾಡುವ ಷೋಕಿ.

ಅವರ ವಾದ್ಯದ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಗಿಟಾರ್ ಎಂದರೆ ಎದೆಗೆ ಒತ್ತಿಕೊಂಡು ನುಡಿಸುವುದು ಎಂದು ಲೋಕವೆಲ್ಲ ತಿಳಿದಿದೆ. ಇದು ನಾಲ್ಕು ಕಾಲಿನ ಮೇಜು. ಮೇಲೆ ಹತ್ತು ತಂತಿ, ಕೆಳಗೆ ಮೂರು ಪೆಡಲ್, ಸಾಲದೆಂದು ಮಂಡಿಯಿಂದ ತಳ್ಳುವ ಸನ್ನೆಕೋಲುಗಳು ಬೇರೆ. ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈ ಬೆರಳಿಗೆ ತಗಡಿನ ಉಗುರು ತೊಡಬೇಕು. ಪೆಡಲ್ ಒತ್ತಿದರೆ ತಂತಿ ಬಿಗಿದು ಸ್ವರ ಮೇಲಕ್ಕೆ ಹತ್ತುತ್ತದೆ. ದೂರದಿಂದ ನೋಡಿದರೆ ಗಂಡಸೊಬ್ಬ ಹೊಲಿಗೆ ಯಂತ್ರದ ಮುಂದೆ ಕೂತ ಹಾಗಿರುತ್ತದೆ. ಮಂದಿರದ ಹಳೆಯ ವಾದಕರು ಸಾಯುವಾಗ ಇವರಿಗೆ ಕೊಟ್ಟು ಹೋದರು. ಅಂದಿನಿಂದ ನಡುಮನೆಯಲ್ಲಿ ಅದರದೇ ದರ್ಬಾರು. ನಾನು ಅದನ್ನು ಸವತಿ ಎಂದೇ ಕರೆಯುವುದು. ಈಗ ಸವತಿಗೆ ಒಂದು ಮೂಗುತಿ ಬಂದಿದೆ.

ದೇವರೇ, ಇದನ್ನು ಕ್ಷಮಿಸು. ನಾಳೆಯದನ್ನೂ.

ಫೆಬ್ರವರಿ ೫, ಬುಧವಾರ

ಡಬ್ಬಿ ಸಿಕ್ಕಿಸಿ ಹತ್ತು ತಂತಿಯನ್ನೂ ಹಸಿರಿಗೆ ತಂದರು. ಒಂದೊಂದಾಗಿ ಮೀಟಿದಾಗ ಪರವಾಗಿಲ್ಲ. ನಾಲ್ಕು ಕೂಡಿಸಿ ಮೀಟಿದ ಕೂಡಲೇ ಹುಣಸೆಕಾಯಿ ಕಚ್ಚಿದ ಹಾಗಾಯಿತು. ಮೂರನೆಯ ತಂತಿಯೂ ಆರನೆಯದೂ ಮೂಗು ಮೇಲೆತ್ತಿಕೊಂಡು ನಿಂತಿವೆ. ಉಳಿದವರ ಜೊತೆ ಸೇರುವುದಿಲ್ಲ ಎನ್ನುತ್ತವೆ.

ಅಡುಗೆಮನೆಯಿಂದಲೇ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಹತ್ತಿರ ಹೋಗಿ ಮತ್ತೆ ಹೇಳಿದೆ.

"ಹಸಿರು ಇದೆಯಲ್ಲೇ," ಎಂದರು. "ನಿನ್ನ ಕಿವಿ ನಂಬಲೋ, ಯಂತ್ರ ನಂಬಲೋ?"

ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸು. ಆದರೆ ಆ ಏಳೂ ವರ್ಷ ಬೆಳಗಿನ ಪ್ರಾರ್ಥನೆ ಎತ್ತಿಕೊಡುತ್ತಿದ್ದವಳು ನಾನೇ. ಹಾರ್ಮೋನಿಯಂ ಕೆಟ್ಟುಹೋದ ವರ್ಷ ಹೆಡ್‌ಮೇಡಂ ಇಡೀ ಶಾಲೆಯನ್ನು ನನ್ನ ಗಂಟಲಿಗೆ ಕಟ್ಟಿದ್ದರು. ಇದನ್ನು ಯಂತ್ರಕ್ಕೆ ಯಾರು ಹೇಳಬೇಕು?

ಫೆಬ್ರವರಿ ೯, ಭಾನುವಾರ

ಮಂದಿರದಲ್ಲಿ ಮಾನ ಹೋಯಿತು. ಮೊದಲ ಪದ ಹಾಡುವಾಗ ಹೆಂಗಸರ ಸಾಲು ಒಂದು ಕಡೆ, ಸವತಿ ಇನ್ನೊಂದು ಕಡೆ. ಎರಡನೆಯ ಚರಣಕ್ಕೆ ಅರ್ಧ ಜನ ಬಾಯಿ ಮುಚ್ಚಿಕೊಂಡರು. ಇವರು ಮಾತ್ರ ಕಣ್ಣು ಮುಚ್ಚಿ ಸರಳು ಜಾರಿಸುತ್ತಲೇ ಇದ್ದರು. ದೇವರು ದೊಡ್ಡವನು, ಅವನು ಕೇಳಿಸಿಕೊಂಡಿರುತ್ತಾನೆ. ಅವನಿಗೆ ಬೇರೆ ದಾರಿಯಿಲ್ಲ.

ಚಪ್ಪಲಿ ಬಿಡುವಲ್ಲಿ ಕಾರ್ಯದರ್ಶಿ ಸಿಕ್ಕಿದ. ಈ ಮನುಷ್ಯ ಅನುಕಂಪವನ್ನು ಜೇಬಿನಲ್ಲಿ ಬಾಚಣಿಗೆಯ ಹಾಗೆ ಇಟ್ಟುಕೊಂಡಿರುತ್ತಾನೆ. "ಏನಕ್ಕಾ, ಯಜಮಾನ್ರಿಗೆ ಇತ್ತೀಚೆಗೆ ಸುಸ್ತೇನೋ ಅನ್ನಿಸುತ್ತೆ. ವಿಶ್ರಾಂತಿ ಬೇಕೇನೋ," ಎಂದ. ಹಿಂದೆಯೇ ಖಜಾಂಚಿಯ ಅಳಿಯ ಹಲ್ಲು ಕಿರಿಯುತ್ತಾ ನಿಂತಿದ್ದ. ಈ ಅಳಿಯ ಮಾವನ ಮನೆಗೆ ಬರುವಾಗ ಒಂದು ಕೀಬೋರ್ಡ್ ತಂದಿದ್ದಾನೆ. ಒಂದು ಗುಂಡಿ ಒತ್ತಿದರೆ ಡೋಲು, ಇನ್ನೊಂದು ಒತ್ತಿದರೆ ಕೊಳಲು. ಮೂರನೆಯದು ಒತ್ತಿದರೆ ಭಕ್ತಿಯೂ ಬರುತ್ತದೆಯೋ ಏನೋ.

ನಮ್ಮವರಿಗೆ ಸುಸ್ತಿಲ್ಲ, ನಿಮಗೆ ಕೆಲಸವಿಲ್ಲ ಎಂದು ಹೇಳಿ ಬಂದೆ. ಅದನ್ನೂ ಇಲ್ಲಿ ಬರೆದಿದ್ದೇನೆ, ಹಿರಿಯಮ್ಮ ಕೇಳಿದರೆ ತೋರಿಸಲು.

ಫೆಬ್ರವರಿ ೧೨, ಬುಧವಾರ

ಬೇಕೆಂದೇ ಮಾಡುತ್ತಾರೆ. ಮೂರು ಸಲ ಕರೆದರೂ ತಿರುಗುವುದಿಲ್ಲ. ಎದುರಿಗೆ ನಿಂತು ಕೈ ಆಡಿಸಿದರೆ, ಏನೇ ಅಂತ ಮುಗುಳ್ನಗುತ್ತಾರೆ. ತಗಡು ಒತ್ತುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಅಲ್ಲಿ ಮೇಸ್ತ್ರಿ ಕಣ್ಣು ಮಿಟುಕಿಸಿದರೆ ಓಡುತ್ತಿದ್ದರಂತೆ. ಮನೆಯಲ್ಲಿ ಹೆಂಡತಿ ಗಂಟಲು ಹರಿದುಕೊಂಡರೂ ಲೆಕ್ಕವಿಲ್ಲ.

ಡಬ್ಬಿಯ ಮುಳ್ಳು ಕೂದಲೆಳೆಯಷ್ಟು ಅಲುಗಿದರೆ ಮಾತ್ರ ಓಡೋಡಿ ಹೋಗಿ ತಂತಿ ಬಿಗಿಯುವ ಬಿರಡೆ ತಿರುಗಿಸುತ್ತಾರೆ.

ಫೆಬ್ರವರಿ ೧೬, ಭಾನುವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಬೇಗ ಮಂದಿರಕ್ಕೆ ಹೋದೆವು. ವೇದಿಕೆ ಒರೆಸುವ ಸರದಿ ನನ್ನದು. ಇವರು ಸವತಿಯನ್ನು ನಿಲ್ಲಿಸಿ, ಹತ್ತು ತಂತಿಯನ್ನೂ ಹಸಿರಿಗೆ ತಂದು, ಡಬ್ಬಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಕೈಕಾಲು ತೊಳೆಯಲು ಹೋದರು. ವೇದಿಕೆಯ ಮೇಲೆ ನಾನು, ನನ್ನ ಒರೆಸುವ ಬಟ್ಟೆ, ಸವತಿ. ಬೇರೆ ಯಾರೂ ಇರಲಿಲ್ಲ.

ಮೂರನೆಯ ತಂತಿಯನ್ನು ಉಗುರಿನಿಂದ ಮೀಟಿದೆ. ಪಕ್ಕದ್ದನ್ನು ಮೀಟಿದೆ. ಬಿರಡೆಯನ್ನು ಒಂದು ಎಳ್ಳಿನಷ್ಟು ಸಡಿಲಿಸಿದೆ. ಇನ್ನೊಂದು ಎಳ್ಳು. ಆರನೆಯದಕ್ಕೂ ಹಾಗೆಯೇ. ನಾಲ್ಕು ತಂತಿ ಕೂಡಿಸಿ ಮೀಟಿದೆ. ಬೆಚ್ಚಗೆ ಬಂತು, ಅಕ್ಕತಂಗಿಯರು ಒಂದೇ ಚಾಪೆಯಲ್ಲಿ ಕೂತ ಹಾಗೆ. ನೋಡು ಯಂತ್ರವೇ, ನೋಡು ಎಂದುಕೊಂಡು ಇಳಿದು ಬಂದು ನನ್ನ ಜಾಗದಲ್ಲಿ ಕೂತೆ. ಗರ್ವ ಪಟ್ಟೆ. ಅದನ್ನು ಒಪ್ಪಿಕೊಳ್ಳುತ್ತೇನೆ.

ಮೊದಲ ಪದದ ಮೊದಲ ಸಾಲು ಹಾಲಿನಂತೆ ಬಂತು. ಹಿರಿಯಮ್ಮ ತಲೆದೂಗಿದರು. ಎರಡನೆಯ ಸಾಲಿಗೆ ಇವರು ಎರಡು ಪೆಡಲ್ ಒಟ್ಟಿಗೆ ಒತ್ತಿದರು. ಒತ್ತಿದ್ದೇ ತಡ, ಬಾಗಿಲ ಸಂದಿಗೆ ಬೆಕ್ಕಿನ ಬಾಲ ಸಿಕ್ಕಿದ ಸದ್ದು. ಮತ್ತೆ ಒತ್ತಿದರು, ಮತ್ತೆ ಅದೇ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಇವರು ನುಡಿಸುವುದನ್ನು ನಿಲ್ಲಿಸಿ ತಮ್ಮ ಪಾದಗಳನ್ನೇ ನೋಡಿಕೊಂಡರು, ಅವು ಬೇರೆ ಯಾರದೋ ಎಂಬ ಹಾಗೆ.

ಪ್ರಾರ್ಥನೆ ಮುಗಿದ ಮೇಲೆ ಕಾರ್ಯದರ್ಶಿ ಎದ್ದು ನಿಂತು, ಮಾರ್ಚ್ ಮೂವತ್ತರ ಭಾನುವಾರ ಅಳಿಯ ಮತ್ತು ನಮ್ಮವರು ಒಂದೊಂದು ಪದ ನುಡಿಸಬೇಕು, ಮುಂದಕ್ಕೆ ವೇದಿಕೆಯ ಮೇಲೆ ಯಾರು ಕೂರಬೇಕೆಂದು ಆವತ್ತು ಹಿರಿಯರು ತೀರ್ಮಾನ ಮಾಡುತ್ತಾರೆ ಎಂದು ಹೇಳಿದ. ಎಲ್ಲರೂ ತಲೆ ಅಲ್ಲಾಡಿಸಿದರು. ಕುರಿಗಳು.

ದಾರಿಯುದ್ದಕ್ಕೂ ಇವರು ಸವತಿಯನ್ನು ಹೊತ್ತು ಮುಂದೆ ನಡೆದರು. ನಾನು ಹಿಂದೆ ನಡೆದೆ. ಆಡಬೇಕಾದ ಮಾತು ಒಂದೇ ಇತ್ತು.

ಫೆಬ್ರವರಿ ೧೭, ಸೋಮವಾರ

ಇವತ್ತು ಯಾರನ್ನೂ ಬೈಯುವ ಯೋಗ್ಯತೆ ನನಗಿಲ್ಲ.

ಫೆಬ್ರವರಿ ೨೦, ಗುರುವಾರ

ಯೋಗ್ಯತೆ ಮೂರು ದಿನದಲ್ಲಿ ವಾಪಸು ಬಂತು.

ಸೊಪ್ಪು ತರುತ್ತೇನೆಂದು ಹೇಳಿ ರೇಡಿಯೋ ರಿಪೇರಿಯವನ ಅಂಗಡಿಗೆ ಹೋದೆ. ಮಂದಿರದ ಮೈಕು, ಹಾರ್ಮೋನಿಯಂ, ಸವತಿ, ಎಲ್ಲದಕ್ಕೂ ವೈದ್ಯ ಅವನೇ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹೊಟ್ಟೆ ಬಿಚ್ಚಿದ ಫ್ಯಾನಿನ ಪಕ್ಕದಲ್ಲಿ ಅವನ ಊಟದ ಡಬ್ಬಿ. ಒಂದು ಪೆಟ್ಟಿಗೆ ಒರೆಸಿ ಕೂರಲು ಕೊಟ್ಟ. ಒರೆಸಿದ ಬಟ್ಟೆ ಪೆಟ್ಟಿಗೆಗಿಂತ ಕೊಳಕು.

ಯಾರೋ ಒಬ್ಬರು ಹೀಗೆ ಮಾಡಿದರಂತೆ ಎಂದು ಕತೆ ಕಟ್ಟಿ ಹೇಳಿದೆ. ಅವನು ನಗದೆ ಕೇಳಿಸಿಕೊಂಡ. ಅಷ್ಟು ಮರ್ಯಾದೆ ಅವನಲ್ಲಿದೆ.

"ಆ ಯಾರೋ ಒಬ್ಬರ ಕಿವಿ ಸರಿಯಾಗೇ ಇದೆ ಅಕ್ಕ," ಎಂದ. "ಡಬ್ಬಿ ತಂತಿನ ಒಂಟಿಯಾಗಿ ಕೇಳುತ್ತೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ಕೂಡಿಸಿ ಮೀಟಿದಾಗ ಒಂದೆರಡು ತಂತಿ ಸ್ವಲ್ಪ ತಗ್ಗಿ ನಡೀಬೇಕು, ಆಗಲೇ ಇಂಪು. ಆದರೆ ಅವರು ಒಂದೇ ಕಡೆ ತಿರುಗಿಸಿದ್ದಾರೆ."

ಅವನು ಹೇಳಿದ್ದು ಇಷ್ಟು. ಎಡತುದಿಯ ಬಿರಡೆ ತಿರುಗಿಸಿದರೆ ಬರಿಯ ತಂತಿ ಮಾತ್ರ ಸರಿಯಾಗುತ್ತದೆ. ಪೆಡಲ್ ಒತ್ತಿದಾಗ ತಂತಿ ಎಲ್ಲಿಯವರೆಗೆ ಏರಬೇಕು ಎನ್ನುವುದಕ್ಕೆ ಬಲತುದಿಯಲ್ಲಿ ಬೇರೆ ತಿರುಪುಗಳಿವೆ, ಅವುಗಳಿಗೆ ಅಲೆನ್ ಕೀ ಎನ್ನುವ ಆರುಮೂಲೆಯ ಬಾಗಿದ ಕೀಲಿ ಹಾಕಬೇಕು. ಬಿರಡೆ ಇಳಿಸಿ ತಿರುಪು ಮುಟ್ಟದಿದ್ದರೆ ಏರಿದ ಸ್ವರವೂ ಅಷ್ಟೇ ಕೆಳಗೆ ಬೀಳುತ್ತದೆ. ಇಪ್ಪತ್ತೆರಡು ವರ್ಷ ಈ ಮೇಜಿನ ಧೂಳು ಒರೆಸಿದ್ದೇನೆ. ಬಲತುದಿಯ ತಿರುಪುಗಳನ್ನು ಅಲಂಕಾರ ಎಂದುಕೊಂಡಿದ್ದೆ.

ಏಳುವಾಗ ಅವನು ಇನ್ನೊಂದು ಮಾತು ಹೇಳಿದ. ಡಬ್ಬಿ ಕೊಂಡದ್ದು ಅವನ ಹತ್ತಿರವೇ ಅಂತೆ. "ಏನಂದ್ರು ಗೊತ್ತಾ ಅಕ್ಕ? ಕೇಳಿಸೋದು ಬೇಡ ಕಣಯ್ಯ, ಕಾಣಿಸೋದು ಕೊಡು ಅಂದ್ರು."

ಕಾಣಿಸುವುದೇ ಬೇಕಂತೆ. ಈ ವಯಸ್ಸಿಗೆ ಅಲಂಕಾರದ ಆಸೆ ನೋಡು.

ಸೊಪ್ಪು ತರುವುದು ಮರೆತೇಹೋಯಿತು. ಸಿಗಲಿಲ್ಲ ಎಂದೆ. ಸುಳ್ಳು ಒಂದು.

ಫೆಬ್ರವರಿ ೨೬, ಬುಧವಾರ

ಬೇಳೆ ಕುಕ್ಕರಿಗೆ ಹಾಕಿ, ಮೂರು ಸೀಟಿಯಾದ ಮೇಲೆ ಆರಿಸಿ ಎಂದು ಇವರಿಗೆ ಎದುರಿಗೇ ನಿಂತು ಹೇಳಿ, ಮಹಡಿಗೆ ಬಟ್ಟೆ ತರಲು ಹೋದೆ. ಮೇಲಿಂದಲೇ ಸೀಟಿ ಕೇಳಿಸಿತು. ಮೂರಾಯಿತು. ನಾಲ್ಕಾಯಿತು. ಐದು, ಆರು. ಬೈಗುಳ ಸಿದ್ಧ ಮಾಡಿಕೊಂಡೇ ಮೆಟ್ಟಿಲಿಳಿದೆ, ಅಂಥ ಒಳ್ಳೆಯ ಬೈಗುಳ ನನಗೆ ಹತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

ಇವರು ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಮುಖ ಮಗುವಿನ ಮುಖದಷ್ಟು ನಿಶ್ಚಿಂತ. ಕುಕ್ಕರ್ ಅವರ ಬೆನ್ನ ಹಿಂದೆ ಏಳನೆಯ ಸಲ ಕಿರುಚುತ್ತಿತ್ತು. ನನ್ನನ್ನು ಕಂಡು ತಲೆಯೆತ್ತಿ ಹೇಳಿದರು:

"ಇನ್ನೂ ಒಂದೂ ಆಗಿಲ್ಲ ಕಣೇ."

ಒಲೆ ಆರಿಸಿದೆ. ತಳ ಹತ್ತಿದ ಬೇಳೆಯನ್ನೇ ಬಡಿಸಿದೆ. ಚೆನ್ನಾಗಿದೆ ಎಂದು ಉಂಡರು.

ಫೆಬ್ರವರಿ ೨೭, ಗುರುವಾರ

ಪರೀಕ್ಷೆ ಮಾಡಿದೆ. ಬೆನ್ನ ಹಿಂದೆ ನಿಂತು ಚಮಚ ಬೀಳಿಸಿದೆ, ಇಲ್ಲ. ಬಳೆ ಕುಲುಕಿಸಿದೆ, ಇಲ್ಲ. ಬಾಗಿಲು ಧಡ್ಡೆಂದು ಹಾಕಿದೆ, ತಿರುಗಿದರು. ಸವತಿಯ ದಪ್ಪ ತಂತಿಗಳು ಕೇಳಿಸುತ್ತವೆ, ಸಣ್ಣವು ಇಲ್ಲ. ನನ್ನ ದನಿ ಸಣ್ಣ ತಂತಿಗಳ ಪಾಲಿಗೆ ಬಿದ್ದಿದೆ.

ಆ ಕಾರ್ಖಾನೆಗೆ ಇವರು ಇದ್ದ ಕಾಲದಲ್ಲಿ ಕಿವಿಗೆ ಹತ್ತಿ ಕೊಡುವ ಯೋಗ್ಯತೆಯೂ ಇರಲಿಲ್ಲ. ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದು ಟಿಕ್ ಟಿಕ್ ಎನ್ನುವುದು ಇವರಿಗೆ ಎಂದಾದರೂ ಕೇಳಿಸಿತ್ತೋ ಇಲ್ಲವೋ.

ಕೇಳಿಸೋದು ಬೇಡ, ಕಾಣಿಸೋದು ಕೊಡು. ಇದನ್ನು ನಾನು ಷೋಕಿ ಎಂದು ಬರೆದೆ. ಆ ಪುಟ ಹರಿಯಬೇಕೆನ್ನಿಸಿತು. ಹರಿಯಲಿಲ್ಲ. ದೇವರ ಮುಂದೆ ಓದಲು ಅದೂ ಇರಲಿ.

ಹೆಂಡತಿಗೆ ಹೇಳಲಿಲ್ಲ ನೋಡು. ರಿಪೇರಿಯವನಿಗೆ ಹೇಳಬಹುದು, ನನಗೆ ಹೇಳಬಾರದು. ಅವರಾಗಿ ಹೇಳುವವರೆಗೆ ನಾನೂ ಕೇಳುವುದಿಲ್ಲ. ನನಗೂ ಮರ್ಯಾದೆ ಇದೆ.

ಮಾರ್ಚ್ ೪, ಮಂಗಳವಾರ

ಹೊಸ ಕಳ್ಳತನ ಶುರು. ಬೆಳಿಗ್ಗೆ ಇವರು ಸವತಿಯನ್ನು ಹಸಿರಿಗೆ ತಂದಿಟ್ಟು ಸ್ನಾನಕ್ಕೆ ಹೋಗುತ್ತಾರೆ. ಬಚ್ಚಲಲ್ಲಿ ಚೊಂಬಿನ ಸದ್ದು ಬರುತ್ತಿರುವವರೆಗೆ ಕಾಲು ಗಂಟೆ ನನ್ನದು.

ಮೊದಲು ನನ್ನ ಕಿವಿಗೆ ಒಪ್ಪುವ ಹಾಗೆ ತಂತಿ ಇಳಿಸುತ್ತೇನೆ. ಆಮೇಲೆ ಡಬ್ಬಿ ಸಿಕ್ಕಿಸಿ ಮುಳ್ಳು ಎಡಕ್ಕೆ ಎಷ್ಟು ಗೆರೆ ಹೋಗಿ ನಿಂತಿದೆ ಎಂದು ಎಣಿಸಿ ಚೀಟಿಯಲ್ಲಿ ಬರೆಯುತ್ತೇನೆ. ಹಸಿರು ಎಂದರೆ ಸರಿ ಎಂದು ಅದು ಹೇಳುವುದು ಸುಳ್ಳು, ಆದರೆ ಗೆರೆ ಎಣಿಸಲು ಮಾತ್ರ ಬರುತ್ತದೆ. ಹಾಡಲು ಬಾರದವನನ್ನು ಚಾಪೆ ಎಣಿಸಲು ಕೂರಿಸುತ್ತೇವಲ್ಲ, ಹಾಗೆ. ಮೂರನೆಯ ತಂತಿ, ಏಳು ಗೆರೆ. ಆರನೆಯದು, ಏಳು. ಆಮೇಲೆ ಎಲ್ಲವನ್ನೂ ಮತ್ತೆ ಹಸಿರಿಗೆ ತಂದು ಕೆಡಿಸಿಡಬೇಕು. ಸರಿ ಮಾಡಿದ್ದನ್ನು ಕೆಡಿಸುವುದಿದೆಯಲ್ಲ, ಅದು ಮಾಡುವುದಕ್ಕಿಂತ ಕಷ್ಟ.

ಪೆಡಲುಗಳದು ಇನ್ನೂ ದೊಡ್ಡ ಗೋಳು. ಸೀರೆ ಎತ್ತಿಕಟ್ಟಿ ಮೇಜಿನ ಕೆಳಗೆ ಕಾಲು ತೂರಿಸಿ ಒತ್ತಬೇಕು, ಒತ್ತಿಕೊಂಡೇ ಬಲತುದಿಗೆ ಬಾಗಿ ತಿರುಪು ತಿರುಗಿಸಬೇಕು. ಮೊದಲ ಪೆಡಲ್ ಒತ್ತಿದರೆ ಐದನೆಯ ತಂತಿ, ಹತ್ತನೆಯ ತಂತಿ ಏರುತ್ತವೆ. ಎರಡನೆಯದು ಒತ್ತಿದರೆ ಮೂರು ಮತ್ತು ಆರು. ಐವತ್ತು ವರ್ಷದ ಸೊಂಟ ಇದಕ್ಕೆ ಹುಟ್ಟಿದ್ದಲ್ಲ.

ಇವತ್ತು ಚೊಂಬಿನ ಸದ್ದು ನಿಂತಾಗ ಆರನೆಯ ತಂತಿ ಇನ್ನೂ ಇಳಿದೇ ಇತ್ತು. ಒರೆಸುವ ಬಟ್ಟೆ ಹಿಡಿದು ಧೂಳು ಎಂದೆ. ಇವರು ಮೇಜನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹೌದು ಧೂಳು ಜಾಸ್ತಿ ಎಂದರು.

ಮಾರ್ಚ್ ೧೩, ಗುರುವಾರ

ಚೀಟಿ ಪೂರ್ತಿಯಾಯಿತು. ಹತ್ತು ತಂತಿ, ಮೂರು ಪೆಡಲ್, ಮಂಡಿಯ ಸನ್ನೆಕೋಲುಗಳು. ಶಾಲೆ ಬಿಟ್ಟ ಮೇಲೆ ನಾನು ಇಷ್ಟು ಅಂಕಿ ಬರೆದದ್ದೇ ಇಲ್ಲ.

ನಾನೇ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ರಿಪೇರಿಯವನ ಹತ್ತಿರ ಹೋಗಿ, ಇದನ್ನು ನಿನ್ನ ಕೈಯಲ್ಲಿ ಬರೆದು, ನೀನೇ ಕಂಡುಹಿಡಿದ ಹಾಗೆ ಅವರಿಗೆ ಕೊಡು ಎಂದೆ. ಯಾಕಕ್ಕಾ ಎಂದ. ಬರೆಯಯ್ಯಾ ಎಂದೆ. ಬರೆದ. ಅವನ ಅಕ್ಷರ ಕೋಳಿ ಕೆದಕಿದ ಹಾಗಿದೆ. ವಿದ್ಯಾವಂತರ ಬರಹ ಎಂದು ನಂಬಲು ಅಷ್ಟು ಸಾಕು.

ಸುಳ್ಳು ಎರಡು. ದೇವರೇ, ಇದನ್ನು ಎಣಿಸುವಾಗ ಕಾರಣವನ್ನೂ ಒಮ್ಮೆ ನೋಡು.

ಮಾರ್ಚ್ ೧೪, ಶುಕ್ರವಾರ

ಸಂಜೆ ಚೀಟಿ ಹಿಡಿದುಕೊಂಡು ಬಂದರು. ಮುಖದಲ್ಲಿ ಬೆಳಕು. "ಬಾ ಇಲ್ಲಿ, ತಿಳಿದವರ ಕೆಲಸ ಅಂದ್ರೆ ಏನು ನೋಡು," ಎಂದು ನನಗೇ ಪಾಠ ಶುರುಮಾಡಿದರು. ಮೂರನೆಯ ತಂತಿ ಯಾಕೆ ತಗ್ಗಬೇಕು, ಪೆಡಲಿನ ತಿರುಪು ಎಲ್ಲಿದೆ, ಎಲ್ಲ. ನಾನು ಬಾಯಿ ತೆರೆದು ಕೇಳಿದೆ. ಓಹೋ ಎಂದೆ. ಹೌದೇನ್ರೀ ಎಂದೆ. ಇಂಥ ನಟನೆ ಮಾಡಿದವಳಿಗೆ ಹಿರಿಯಮ್ಮ ಏನು ಶಿಕ್ಷೆ ಕೊಡುತ್ತಾರೋ.

ಚೀಟಿ ನೋಡಿಕೊಂಡು ಶ್ರುತಿ ಮಾಡಿ ನುಡಿಸಿದರು. ಪೆಡಲ್ ಒತ್ತಿದರು. ಏರಿದ ಸ್ವರ ಹೋಗಿ ತನ್ನ ಜಾಗದಲ್ಲಿ ಕೂತಿತು. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಒಳ್ಳೆಯದೇ ಆಯಿತು.

"ಹೇಗಿದೆ?" ಎಂದು ಕೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಪರವಾಗಿಲ್ಲ ಎಂದೆ. ಜೋರಾಗಿ.

ಮಾರ್ಚ್ ೨೩, ಭಾನುವಾರ

ಮಂದಿರದಲ್ಲಿ ಎರಡು ವಾರದಿಂದ, ತೀರ್ಮಾನದ ದಿನದವರೆಗೆ ಎಂದು, ಅಳಿಯನದೇ ಕೀಬೋರ್ಡು. ಎಲ್ಲ ಪದಕ್ಕೂ ಒಂದೇ ಡೋಲು. ಸಾವಿನ ಪದಕ್ಕೂ ಅದೇ, ಮಗು ಹುಟ್ಟಿದ ಪದಕ್ಕೂ ಅದೇ. ಕಾರ್ಯದರ್ಶಿ ಕಾಲು ಕುಣಿಸುತ್ತಾ ಕೂತಿದ್ದ.

ಫೆಬ್ರವರಿ ಹದಿನಾರರ ವಿಷಯ ಹಿರಿಯಮ್ಮನಿಗೆ ಹೇಳಿದೆ. ನನ್ನ ಕೈಯಿಂದ ಅವರ ಮಾನ ಹೋಯಿತು ಎಂದೆ. ಇದನ್ನು ನನಗೆ ಯಾಕೆ ಹೇಳುತ್ತೀ, ನಿನ್ನ ಗಂಡನಿಗೆ ಹೇಳು ಎಂದರು. ಅವರಿಗೆ ಕೇಳಿಸುವುದಿಲ್ಲ ಎಂದೆ. ಬಾಯಿಂದ ಜಾರಿಬಿಟ್ಟಿತು. ಹಿರಿಯಮ್ಮ ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಆ ಮುದುಕಿಯ ಕೈ ಎಷ್ಟು ಒರಟು.

ಮನೆಗೆ ಬಂದು ಹೇಳಲೇಬೇಕೆಂದು ಮೂರು ಸಲ ಎದುರಿಗೆ ಹೋಗಿ ನಿಂತೆ. ಮೂರು ಸಲವೂ ಚಹಾ ಬೇಕಾ ಎಂದು ಕೇಳಿದೆ. ಮೂರು ಸಲ ಕುಡಿದರು ಪಾಪ.

ಮಾರ್ಚ್ ೩೦, ಭಾನುವಾರ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಮಂದಿರ ಎಂದೂ ಇಲ್ಲದಷ್ಟು ತುಂಬಿತ್ತು. ದೇವರಿಗಾಗಿ ಬರದವರು ಸ್ಪರ್ಧೆಗೆ ಬಂದಿದ್ದರು. ಕಾರ್ಯದರ್ಶಿ ವೇದಿಕೆಗೆ ನಾಲ್ಕು ದೊಡ್ಡ ದೀಪ ಹಾಕಿಸಿದ್ದ. ಬೆಳಗಿನ ಹತ್ತು ಗಂಟೆಗೆ ದೀಪ.

ಅಳಿಯ ಮೊದಲು ನುಡಿಸಿದ. ಕೊಳಲು, ಡೋಲು, ಗಂಟೆ, ಸಮುದ್ರದ ಅಲೆ. ಯಾವ ಸಮುದ್ರವೋ. ಜನ ಹೊಗಳಿದರು. ಅವನು ಕೀಬೋರ್ಡ್ ಆರಿಸದೆಯೇ ಎದ್ದುಹೋದ. ಅದು ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನ ಹಾಗೆ ಗುಂಯ್ ಎನ್ನುತ್ತಲೇ ಇತ್ತು.

ನಮ್ಮವರು ಕೂತು ಚೀಟಿಯನ್ನು ಮೇಜಿನ ಮೇಲೆ ಹರಡಿ, ಡಬ್ಬಿ ಸಿಕ್ಕಿಸಿ ಮೂರನೆಯ ತಂತಿ ಮೀಟಿದರು. ಅಷ್ಟು ದೂರದಿಂದಲೇ ನನಗೆ ತಿಳಿಯಿತು. ದೀಪದ ಕಾವಿಗೆ ತಂತಿಗಳೆಲ್ಲ ಸಡಿಲಿ ಇಳಿದುಹೋಗಿದ್ದವು, ಒಂದೊಂದು ಒಂದೊಂದಷ್ಟು. ಅದು ಹೋಗಲಿ, ಡಬ್ಬಿ ಅದನ್ನೇ ಹೇಳಬೇಕಿತ್ತು. ಆದರೆ ಕೀಬೋರ್ಡಿನ ಗುಂಯ್ ವೇದಿಕೆಯ ಹಲಗೆಯನ್ನೇ ನಡುಗಿಸುತ್ತಿತ್ತು. ಮುಳ್ಳು ಎಡಕ್ಕೆ ಬಲಕ್ಕೆ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಇವರಿಗೆ ಆ ಸಣ್ಣ ಗುಂಯ್ ಇದೆಯೆಂದು ಗೊತ್ತೇ ಇಲ್ಲ. ಡಬ್ಬಿಯನ್ನು ತಟ್ಟಿದರು. ಬಿಚ್ಚಿ ಮತ್ತೆ ಸಿಕ್ಕಿಸಿದರು. ಹಣೆ ಒರೆಸಿಕೊಂಡರು. ಜನ ಕೆಮ್ಮತೊಡಗಿದರು. ಕಾರ್ಯದರ್ಶಿ ಗಡಿಯಾರ ನೋಡಿಕೊಂಡ, ಎಲ್ಲರಿಗೂ ಕಾಣುವ ಹಾಗೆ.

ಇವರು ತಲೆ ಎತ್ತಿದರು. ಹೆಂಗಸರ ಸಾಲುಗಳಲ್ಲಿ ಹುಡುಕಿದರು. ನನ್ನನ್ನು ಕಂಡ ಮೇಲೆ ಕಣ್ಣು ಅಲ್ಲೇ ನಿಂತಿತು. ಕೈಯಲ್ಲಿ ಅಲೆನ್ ಕೀ ಇತ್ತು. ಅದನ್ನು ನನ್ನ ಕಡೆ ಚಾಚಿ ಹಿಡಿದರು.

ಎದ್ದು ಹೋದೆ. ಎಷ್ಟು ಜನರ ಮಂಡಿ ತುಳಿದೆನೋ. ಮೊದಲು ಆ ಕೀಬೋರ್ಡಿನ ವೈರು ಕಿತ್ತೆ. ಆಮೇಲೆ ಸವತಿಯ ಬಲತುದಿಯಲ್ಲಿ ನೆಲದ ಮೇಲೆ ಕೂತೆ. ಇವರು ಡಬ್ಬಿ ಬಿಚ್ಚಿ ನನ್ನ ಮಡಿಲಿಗೆ ಹಾಕಿದರು. ಹಾಕಿ, ನನ್ನ ಕಿವಿಯ ಹತ್ತಿರ ಬಾಗಿ ಗುಟ್ಟಾಗಿ ಹೇಳಿದರು. ಗುಟ್ಟು ಎಂದು ಅವರು ತಿಳಿದಿದ್ದರು. ಇವರಿಗೆ ಈಗ ತಮ್ಮ ದನಿಯ ಅಳತೆಯೂ ತಪ್ಪಿದೆ. ಇಡೀ ಮಂದಿರಕ್ಕೆ, ಬಾಗಿಲಲ್ಲಿ ಚಪ್ಪಲಿ ಕಾಯುವವನಿಗೂ ಕೇಳಿಸಿತು.

"ಈ ಸಲ ಎರಡೂ ಕಡೆ ನೋಡ್ಕೊಳ್ಳೇ. ಆವತ್ತು ಒಂದೇ ಕಡೆ ತಿರುಗಿಸಿ ನನ್ನ ಮಾನ ಕಳೆದೆಯಲ್ಲ."

ಮೊದಲು ನಕ್ಕದ್ದು ಹಿರಿಯಮ್ಮ. ಆಮೇಲೆ ಎಲ್ಲರೂ. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ? ಫಿಟ್ಟರ್ ಮನುಷ್ಯ, ತಾನು ನಿಲ್ಲಿಸಿದ ಬಿರಡೆ ಎಲ್ಲಿತ್ತು ಎಂದು ಗೊತ್ತಾಗದೇ ಇರುತ್ತದೆಯೇ? ಆರು ವಾರದಿಂದ ಗೊತ್ತಿತ್ತು, ಗೊತ್ತಿದ್ದೇ ಸ್ನಾನಕ್ಕೆ ಕಾಲು ಗಂಟೆ ತೆಗೆದುಕೊಂಡಿದ್ದಾರೆ. ಅಷ್ಟು ಹೊತ್ತು ಅವರು ಜನ್ಮದಲ್ಲಿ ಸ್ನಾನ ಮಾಡಿದವರಲ್ಲ.

ಅವರು ಎಡತುದಿಯಲ್ಲಿ ಬಿರಡೆ ಹಿಡಿದರು, ನಾನು ಹೆಬ್ಬೆರಳು ಮೇಲೆ ಕೆಳಗೆ ಮಾಡಿದೆ. ಮೂರನೆಯದು ಕೆಳಗೆ, ಇನ್ನೂ ಸ್ವಲ್ಪ, ಸಾಕು. ಪೆಡಲ್ ಒತ್ತಿದರು, ತಿರುಪು ನಾನು ತಿರುಗಿಸಿದೆ. ಹತ್ತು ನಿಮಿಷ ಹಿಡಿಯಿತು. ಯಾರೂ ಕೆಮ್ಮಲಿಲ್ಲ. ಆಮೇಲೆ ಅವರು ಕಣ್ಣು ಮುಚ್ಚಿ ಸರಳು ಇಟ್ಟರು. ಪದ ಎತ್ತಿಕೊಡುವವರು ಯಾರೂ ಎತ್ತದಿದ್ದುದರಿಂದ, ಅಲ್ಲೇ ನೆಲದ ಮೇಲೆ ಕೂತು ನಾನೇ ಎತ್ತಿದೆ. ಕೊನೆಯ ಚರಣಕ್ಕೆ ಗೋಡೆಗಳೂ ಹಾಡಿದವು ಎಂದು ಬರೆದರೆ ಅತಿಯಾಗುತ್ತದೆ. ಅಳಿಯನೂ ಹಾಡಿದ, ಅಷ್ಟು ಬರೆಯುತ್ತೇನೆ.

ಹಿರಿಯರು ಒಳಗೆ ಹೋಗಿ ಬಂದು, ವೇದಿಕೆಯ ಮೇಲೆ ನಾವಿಬ್ಬರೇ ಕೂರಬೇಕು ಎಂದರು. ಕಾರ್ಯದರ್ಶಿ ಬಿಡಲಿಲ್ಲ. ಒಂದು ವಾದ್ಯಕ್ಕೆ ಇಬ್ಬರನ್ನು ಕೂರಿಸುವ ಕ್ರಮ ನಮ್ಮಲ್ಲಿ ಇಲ್ಲವಲ್ಲ ಎಂದು ಕೈ ಹಿಸುಕಿದ.

"ಕ್ರಮ ಇಲ್ಲದಿದ್ದರೆ ಇನ್ನೊಂದು ಪೀಠ ಹಾಕಿಸಪ್ಪ," ಎಂದರು ಹಿರಿಯಮ್ಮ. "ಕ್ರಮ ತಾನಾಗೇ ಆಗುತ್ತೆ."

ಏಪ್ರಿಲ್ ೨, ಬುಧವಾರ

ಪೀಠ ಬಂದಿದೆ. ಒಂದು ಕಾಲು ಗಿಡ್ಡ. ಕಾರ್ಯದರ್ಶಿಯ ಔದಾರ್ಯ ಅಷ್ಟೇ. ಕಾಲಡಿಗೆ ರಟ್ಟು ಮಡಚಿ ಇಟ್ಟೆ.

ಇವತ್ತು ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವು. ಅದಕ್ಕೆ ಮೊದಲು ಒಂದು ಸಲ ಅವರೊಬ್ಬರೇ ಹೋಗಿದ್ದರಂತೆ, ಫೆಬ್ರವರಿ ಮೊದಲಲ್ಲಿ. ಬರುವ ದಾರಿಯಲ್ಲಿ ಡಬ್ಬಿ ಕೊಂಡಿದ್ದರು. ಯಾಕೆ ಹೇಳಲಿಲ್ಲ ಎಂದು ಎದುರಿಗೆ ನಿಂತು ಕೇಳಿದೆ. ನೀನು ಬೈಯುವುದು ಕೇಳಿಸುತ್ತಿಲ್ಲ ಅಂದರೆ ನಿನಗೆ ಬೇಜಾರಾಗುತ್ತಿತ್ತು ಎಂದರು. ಕೊಬ್ಬು.

ಇವರಿಗೆ ಹೇಳಿದ್ದೇನೆ, ಬೆಳಿಗ್ಗೆ ಬೇಗ ಸ್ನಾನ ಮುಗಿಸಿ ಬನ್ನಿ, ನೀರು ದಂಡ.

ಡಬ್ಬಿಯ ಬ್ಯಾಟರಿ ಸತ್ತಿತ್ತು. ಬರುವಾಗ ಹೊಸದು ತಂದು ಹಾಕಿದೆ. ಸವತಿಗೆ ಸಿಕ್ಕಿಸಿ ಒಂದು ತಂತಿ ಮೀಟಿದೆ, ಹಸಿರು ದೀಪ ಹತ್ತಿತು. ಸುಳ್ಳು ಡಬ್ಬಿ, ಒಂಟಿ ತಂತಿ ಕೇಳಿ ತೀರ್ಪು ಕೊಡುವ ಮೂರ್ಖ ಡಬ್ಬಿ. ಧೂಳು ಹತ್ತದ ಹಾಗೆ ನನ್ನ ಹಳೆಯ ರೇಷ್ಮೆ ಕುಪ್ಪಸದ ತುಂಡಿನಲ್ಲಿ ಸುತ್ತಿ, ದೇವರ ಹಾಡಿನ ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದೇನೆ.